ಕೂಗಿದರೆ ಓ ಎನ್ನುವ ಮಂದಿ

ನಾಗಲಿಂಗಮ್ಮನ ಜೋಗುಳಕ್ಕೆ ಎರಡನೇ ನುಡಿ ಇದೆ ಎಂದು ಕೊಟ್ಟೂರಿನ ಆ ಮನೆಯಲ್ಲಿ ಎಲ್ಲರೂ ನಂಬಿದ್ದರು. ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಏಳು ತಿಂಗಳ ಮೊಮ್ಮಗಳನ್ನು ತೋಳಿನ ಮೇಲೆ ಹಾಕಿಕೊಂಡು, “ಅಳಬ್ಯಾಡ ಕೂಸವ್ವ, ಹಗರಿ ಹೊಳಿ ತುಂಬೈತಿ” ಎಂದು ಶುರು ಮಾಡುವಳು. ಹೊಳೆ ತುಂಬುವಷ್ಟರಲ್ಲಿ ತಾನೇ ಅದರಲ್ಲಿ ಮುಳುಗುವಳು. ಆಮೇಲೆ ಗೊರಕೆ. ಹಳೆಯ ಡೀಸೆಲ್ ಪಂಪಿನ ಹಾಗೆ ಮೊದಲು ಕೆಮ್ಮಿ, ಬಳಿಕ ಲಯ ಹಿಡಿದು, ಆಗಾಗ ನಿಂತು ಏನೋ ಯೋಚಿಸಿ, ಮತ್ತೆ ಹೊರಡುವ ಗೊರಕೆ. ಕೂಸೂ ಮಲಗುವುದು. ಬೆಳಗಾದರೆ ನಾಗಲಿಂಗಮ್ಮ, “ಕಣ್ಣಿಗೆ ಕಣ್ಣು ಹಚ್ಚಿಲ್ಲ ನೋಡು, ಹಾಡೇ ಹಾಡೀನಿ” ಎನ್ನುವಳು. ಅದನ್ನು ತಿದ್ದುವ ಧೈರ್ಯ ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೇ ಬಂದಿರಲಿಲ್ಲ. ನಿನ್ನೆ ಮೊನ್ನೆ ಬಂದ ಸೊಸೆ ಗೀತಾಂಜಲಿಗೆ ಎಲ್ಲಿಂದ ಬರಬೇಕು.

ಗೀತಾಂಜಲಿಗೆ ಹರಪನಹಳ್ಳಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯ ಕೆಲಸ ಸಿಕ್ಕಿತ್ತು. ಅದು ಅವಳ ತವರೂರು. ಅಲ್ಲೇ ಮನೆ ಮಾಡಿ ಕೂಸನ್ನು ಕರೆದೊಯ್ಯುವುದು, ಗಂಡ ಅರುಣಕುಮಾರ್ ಅಲ್ಲಿಂದಲೇ ಕೊಟ್ಟೂರಿನ ತಾಡಪತ್ರಿ ಅಂಗಡಿಗೆ ಓಡಾಡುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ನಾಗಲಿಂಗಮ್ಮ ಒಪ್ಪಲಿಲ್ಲ.

“ಕೆಲಸಕ್ಕ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಕೂಸಿನ್ನ ಬಿಟ್ಟು ಹೋಗು. ನನ್ನ ಹಾಡಿಲ್ಲಂದ್ರ ಅದು ಮಲಗಂಗಿಲ್ಲ.”

“ನಾನು ಮಲಗಿಸ್ತೀನಿ ಅತ್ತೆ.”

“ಹಂಗಾರ ಒಂದ್ ರಾತ್ರಿ ಮಲಗಿಸಿ ತೋರ್ಸು. ನಿಮ್ಮವ್ವನ ಮನ್ಯಾಗಲ್ಲ, ಅಲ್ಲಿ ನಿಮ್ಮವ್ವ ಎತ್ತಿಕೊಂತಾಳ. ಇಲ್ಲೂ ಅಲ್ಲ, ನನಗ ತಡಕೊಳ್ಳಾಕ ಆಗಂಗಿಲ್ಲ. ನೀವಿಬ್ಬರ ಹೊರ್ತು ಯಾರೂ ಮುಟ್ಟಬಾರ್ದು. ಮತ್ತ ಅಡವ್ಯಾಗ ಹೋಗಿ ಕುಂದ್ರಬ್ಯಾಡ್ರಿ, ಕೂಗಿದ್ರ ಓ ಅನ್ನಾಕ ಮಂದಿ ಇರಬೇಕು.”

“ಅಂಥಾ ಜಾಗ ಭೂಮಿ ಮ್ಯಾಲೆ ಇಲ್ಲ ಬಿಡು,” ಎಂದು ಮಾವ ಪೇಪರಿನ ಹಿಂದಿನಿಂದ ಹೇಳಿದ.

ಇದೆ ಎಂದವನು ಅರುಣಕುಮಾರ್. ತಾಡಪತ್ರಿ ಕಂಪನಿಯೊಂದು ಮಾದರಿಗೆಂದು ಕಳಿಸಿದ ಕಿತ್ತಳೆ ಬಣ್ಣದ ಡೇರೆಯೊಂದು ಅಂಗಡಿಯ ಅಟ್ಟದಲ್ಲಿ ಬಿದ್ದಿತ್ತು. ಹಿಮದ ನಡುವೆ ಡೇರೆ ಹಾಕಿ ಕೂಸಿಗೆ ಗಂಜಿ ಕುಡಿಸುವ ವಿದೇಶಿ ದಂಪತಿಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ಅವನಿಗೆ ಕೈ ಕಡಿಯುತ್ತಿತ್ತು. ತಮ್ಮ ಅಂಗಡಿಯ ಗಿರಾಕಿ, ಹೊಸಹಳ್ಳಿಯ ಅಜ್ಜಯ್ಯನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

“ನಿಮ್ಮ ಹೊಲದಾಗ ಒಂದ್ ರಾತ್ರಿ ಡೇರೆ ಹಾಕ್ತೀವ್ರಿ. ಮಂದಿ ಇರ್ತಾರೇನು?”

“ಮಂದಿ ಇರ್ತೈತಿ ಬರ್ರಿ,” ಎಂದ ಅಜ್ಜಯ್ಯ. “ಈ ವಾರ ದಿನಾ ರಾತ್ರಿ ಅಲ್ಲೇ ಮಲಗತೈತಿ. ಒಂದ್ ಕೂಗಿದ್ರ ಎಲ್ಲಾ ಓಗೊಡ್ತಾವ, ಅಂಜಬ್ಯಾಡ್ರಿ.”

‘ಓಗೊಡ್ತಾವ’ ಎಂಬುದು ಗೀತಾಂಜಲಿಯ ಕಿವಿಗೆ ಸಣ್ಣ ಕಲ್ಲಿನಂತೆ ತಾಕಿತು. ಮನುಷ್ಯರಿಗೆ ಇದೆಂಥ ವ್ಯಾಕರಣ ಎಂದುಕೊಂಡಳು. ಮನೆಗೆ ಬಂದವರನ್ನೂ ‘ಬಂದಾವ ನೋಡು’ ಎನ್ನುವ ಅತ್ತೆಯ ನೆನಪಾಗಿ ಸುಮ್ಮನಾದಳು. ನಾಗಲಿಂಗಮ್ಮನಿಗೂ ಆಕ್ಷೇಪಣೆ ಸಿಗಲಿಲ್ಲ. ಆ ಸಿಟ್ಟಿಗೆ ಕಾರು ತುಂಬಿಸಿದಳು: ಎರಡು ಕೌದಿ, ಬಜೆ ತೇಯುವ ಕಲ್ಲು, ಲೋಬಾನದ ಹೊಗೆಗೆ ಮಡಕೆ, ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ, ದಿಂಬಿನ ಕೆಳಗಿಡಲು ಕುಡುಗೋಲು.

“ಗಾಳಿ ತುಂಬಿದ ಹಾಸಿಗಿ ಐತವ್ವ. ಕುಡಗೋಲು ತಾಕಿದ್ರ ಟುಸ್ ಅನ್ನತೈತಿ,” ಎಂದ ಅರುಣಕುಮಾರ್.

“ಗಾಳಿ ಮ್ಯಾಲೆ ಮಲಗೋರಿಗೆ ಬುದ್ಧಿ ಎಲ್ಲಿಂದ ಬರಬೇಕು,” ಎಂದಳು ತಾಯಿ. ಕುಡುಗೋಲು ಕೆಳಗಿಳಿಯಲಿಲ್ಲ.

ಹೊಲ ತಲುಪಿದಾಗ ಇಳಿಬಿಸಿಲು. ಶೇಂಗಾ ಕಿತ್ತು ಖಾಲಿಯಾದ ನೆಲ, ನಡುವೆ ಒಂದು ಬೇವಿನ ಗಿಡ. ಮಂದಿ ಎಂಬುದರ ಸುಳಿವೇ ಇರಲಿಲ್ಲ. “ಬರ್ತಾರ ತಗೋ,” ಎಂದು ಅರುಣಕುಮಾರ್ ಡೇರೆ ಬಿಚ್ಚಿದ. ವಿಡಿಯೋದಲ್ಲಿ ತಾನಾಗಿ ಎದ್ದು ನಿಲ್ಲುತ್ತಿದ್ದ ಡೇರೆ ಇಲ್ಲಿ ಹಿಡಿದಲ್ಲೆಲ್ಲ ಕುಸಿಯಿತು. ಮೂರು ಸಲ ಅವನನ್ನು ಒಳಗೆ ಹಾಕಿಕೊಂಡು ಮಲಗಿತು. ಕೌದಿಯ ಮೇಲೆ ಕುಳಿತಿದ್ದ ಕೂಸು ಕೇಕೆ ಹಾಕಿ ನಕ್ಕಿತು. ಆ ಕ್ಷಣ ಗೀತಾಂಜಲಿಗೆ ಎಲ್ಲವೂ ಸಲೀಸು ಅನ್ನಿಸಿತು.

ಡೇರೆ ನಿಂತದ್ದೇ ತಡ, ದಾರಿಯ ಕಡೆ ಧೂಳೆದ್ದಿತು. ಧೂಳಿನೊಳಗಿಂದ ಕುರಿಗಳು ಬಂದವು. ಬಂದವು, ಇನ್ನೂ ಬಂದವು. ಬೇವಿನ ಗಿಡ, ಕಾರು, ಕಿತ್ತಳೆ ಡೇರೆ ಎಲ್ಲವೂ ಉಣ್ಣೆಯ ಕೆರೆಯಲ್ಲಿ ದ್ವೀಪಗಳಾದವು. ಹಿಂದಿನಿಂದ ಕಂಬಳಿ ಹೊದ್ದ ಕುರಿಗಾರ ಮೈಲಪ್ಪ ಬಂದು, ಡೇರೆಯನ್ನು ಒಂದು ಸುತ್ತು ಹಾಕಿ ನೋಡಿದ.

“ಯಾರ್ರಿ ನೀವು? ಇವತ್ತು ಈ ಮಡ್ಯಾಗ ಕುರಿ ಸುತ್ತ ಬಲಿ ಕಟ್ಟಬೇಕು.”

“ಅಜ್ಜಯ್ಯ ಬಾ ಅಂದಾರ. ಇಲ್ಲಿ ಮಂದಿ ಇರ್ತೈತಿ ಅಂತ ಹೇಳಿದ್ರು.”

“ಹೌದಲ್ರಿ. ಇದಾ ಮಂದಿ.”

ಗೀತಾಂಜಲಿಯ ತವರಿನಲ್ಲಿ ಕುರಿಹಿಂಡಿಗೆ ಮಂದೆ ಎನ್ನುತ್ತಿದ್ದರು. ಮನೆ ‘ಮನಿ’ ಆದಂತೆ, ಸಂತೆ ‘ಸಂತಿ’ ಆದಂತೆ, ಅಜ್ಜಯ್ಯನ ಬಾಯಲ್ಲಿ ಮಂದೆಯೂ ‘ಮಂದಿ’ ಆಗಿತ್ತು. ಅವಳು ತಿರುಗಿ ಗಂಡನನ್ನು ನೋಡಿದಳು. ಹುಟ್ಟಿದಾಗಿನಿಂದ ಕೊಟ್ಟೂರಿನ ಪೇಟೆಯಲ್ಲೇ ಬೆಳೆದ ಅರುಣಕುಮಾರ್ ಇನ್ನೂ ದಡ ಮುಟ್ಟಿರಲಿಲ್ಲ.

“ಅಲ್ಲಪಾ, ಮಂದಿ ಅಂದ್ರ ಮನುಷ್ಯಾರು.”

“ಮನುಷ್ಯಾರು ಮಲಗಿದ್ರ ಹೊಲಕ್ಕ ಏನ್ ಗೊಬ್ಬರ ಸಿಗತೈತ್ರಿ?” ಎಂದ ಮೈಲಪ್ಪ. ಡೇರೆ ಕೀಳುವುದು ಬೇಡವೆಂದು, ಅದನ್ನೂ ಸೇರಿಸಿಯೇ ಸುತ್ತ ಬಲೆ ಕಟ್ಟಿ, ತಾನು ಆಚೆ ಬದುವಿನ ಮೇಲೆ ಒಲೆ ಹೂಡಿದ.

ಕತ್ತಲಾಗುತ್ತಿದ್ದಂತೆ ಕೂಸಿಗೆ ಅಜ್ಜಿಯ ನೆನಪಾಯಿತು. ಮೊದಲು ತುಟಿ ನಡುಗಿತು, ಆಮೇಲೆ ಒಂದೇ ಒಂದು ಚೀರು. ಹೊರಗಿದ್ದ ಮಂದಿ, ಅಜ್ಜಯ್ಯ ಮಾತು ಕೊಟ್ಟಂತೆ, ಒಟ್ಟಿಗೆ ‘ಬ್ಯಾ’ ಎಂದಿತು. ಕೂಸು ಬೆಚ್ಚಿ ಬಾಯಿ ಮುಚ್ಚಿತು. ಯೋಚಿಸಿ ಮತ್ತೊಮ್ಮೆ ಚೀರಿತು. ಮಂದಿ ಮತ್ತೆ ಓಗೊಟ್ಟಿತು. ಗೀತಾಂಜಲಿ ಎತ್ತಿ ಆಡಿಸಿದಳು, ಹಾಲು ಕುಡಿಸಿದಳು, ಹಗರಿ ಹೊಳೆ ತುಂಬಿಸಿದಳು. ಎರಡನೇ ನುಡಿ ಗೊತ್ತಿಲ್ಲದೆ ಅದೇ ಹೊಳೆಯನ್ನು ಹತ್ತಾರು ಸಲ ತುಂಬಿಸಿದಳು. ಕೂಸು ಒಪ್ಪಲಿಲ್ಲ. ಅರುಣಕುಮಾರ್ ಕಾರಿನ ಕಡೆ ನೋಡಿದ.

“ಹೋಗಿಬಿಡಣೇನು?”

“ಹೋದ್ರೆ ಕೂಸಿಲ್ದೆ ಹರಪನಹಳ್ಳಿಗೆ ಹೋಗ್ಬೇಕು ನಾನು,” ಎಂದಳು ಅವಳು. “ಇಲ್ಲಾ ಕೆಲಸ ಬಿಡ್ಬೇಕು.”

ಹೊರಗೆ ಕುರಿಗಳು ಕೂಗಿ ಕೂಗಿ ದಣಿದು, ಒಂದೊಂದೇ ಮೊಣಕಾಲೂರಿ ಡೇರೆಯ ಬಟ್ಟೆಗೇ ಒರಗಿ ಕುಳಿತವು. ಮೆಲುಕು ಶುರುವಾಯಿತು. ಬಟ್ಟೆಯ ಆಚೆ, ಕೂಸಿನ ಕಿವಿಯ ಹತ್ತಿರವೇ ಇದ್ದ ಮುದಿ ಟಗರೊಂದು ಮೊದಲು ಕೆಮ್ಮಿತು. ಬಳಿಕ ಲಯ ಹಿಡಿಯಿತು. ನಡುವೆ ನಿಂತು ಏನೋ ಯೋಚಿಸಿ, ಮತ್ತೆ ಹೊರಟಿತು.

ಕೂಸು ಅಳು ನಿಲ್ಲಿಸಿ ಆ ಕಡೆ ಹೊರಳಿತು. ಹೆಬ್ಬೆರಳು ಬಾಯಿಗೆ ಹೋಯಿತು. ಕಣ್ಣು ಮುಚ್ಚಿದವು.

ಅರುಣಕುಮಾರ್ ಉಸಿರು ಬಿಗಿಹಿಡಿದು ಪಿಸುಗುಟ್ಟಿದ: “ಅವ್ವ ಯಾವಾಗ ಬಂದ್ಲು?”

ಗೀತಾಂಜಲಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಗು ಎಲ್ಲಿಂದಲೋ ಬಂದು ಗಾಳಿಹಾಸಿಗೆಯನ್ನೇ ಅಲುಗಿಸಿತು. ಅದೇ ಹೊತ್ತಿಗೆ ಫೋನ್ ಮಿನುಗಿತು.

“ಅಳಾಕತ್ತಿಲ್ಲಲ್ಲ,” ಎಂದಳು ನಾಗಲಿಂಗಮ್ಮ. ದನಿಯಲ್ಲಿ ನಿರಾಸೆ.

“ಮಲಗೈತೆ ಅತ್ತೆ.”

“ಯಾರೂ ಮುಟ್ಟಿಲ್ಲ?”

“ಯಾರೂ ಮುಟ್ಟಿಲ್ಲ.”

ಆ ಕಡೆ ನಾಗಲಿಂಗಮ್ಮ ಕಿವಿಗೊಟ್ಟು ಕೇಳುತ್ತಿದ್ದಳು. “ಅದ್ಯಾರು ಹಂಗ ಗೊರಕಿ ಹೊಡಿಯೋದು, ಅರುಣನೇನು?”

“ಅವರು ಎದ್ದು ಕುಂತಾರೆ. ಮಂದಿ ಅತ್ತೆ.”

“ಥೂ, ಎಂಥಾ ನಾಚಿಗ್ಗೇಡಿ ಮಂದಿ ಅದು. ಬಾಜೂಕ ಎಳಿ ಕೂಸು ಮಲಗೈತಿ ಅನ್ನೋ ಖಬರಿಲ್ಲ. ಹಿಂಗ ಗೊರಕಿ ಹೊಡದ್ರ ಯಾವ ಕೂಸು ಮಲಗೀತು?”

ಗೀತಾಂಜಲಿಯ ನಾಲಿಗೆಯ ತುದಿಗೆ ಬಂದ ಉತ್ತರ ಅಲ್ಲೇ ಕುಳಿತಿತು, ಕುರಿಯ ಹಾಗೆ. ಒಂದು ಮಾತು ಆಡಿದ್ದರೆ ವಾದ ಗೆಲ್ಲುತ್ತಿದ್ದಳು. “ಮಲಗೈತಲ್ಲ ಅತ್ತೆ,” ಎಂದಳು ಅಷ್ಟೇ.

ಮರುದಿನ ಕಾರು ಮನೆ ಮುಟ್ಟಿದಾಗ ನಾಗಲಿಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು. ಈ ಸಲ ನಿಜಕ್ಕೂ ನಿದ್ದೆ ಮಾಡಿರಲಿಲ್ಲ. ಕೂಸನ್ನು ಕಸಿದುಕೊಂಡು, ಮೂಸಿ, “ಕುರಿ ನಾತ ಹೊಡಿತೈತಿ,” ಎಂದಳು. ಮಗ ಕಥೆಯೆಲ್ಲ ಹೇಳಿದ. ಮುದಿ ಟಗರನ್ನು ಮಾತ್ರ ಹೆಂಡತಿಯ ಮುಖ ನೋಡಿ ಬಿಟ್ಟ.

“ಮಂದ್ಯಾಗ ಮಲಗಿದ ಕೂಸು ಹರಪನಹಳ್ಳ್ಯಾಗ ಮಲಗಂಗಿಲ್ಲೇನು. ಕರ್ಕೊಂಡು ಹೋಗು,” ಎಂದು ಸೊಸೆಗೆ ಹೇಳಿ ಮುಖ ತಿರುಗಿಸಿದಳು. “ನನ್ನ ಹಾಡು ಯಾರಿಗೂ ಬೇಕಾಗಿಲ್ಲ ಅಂದಂಗಾತು.”

“ಬೇಕು ಅತ್ತೆ,” ಎಂದಳು ಗೀತಾಂಜಲಿ. “ದಿನಾ ಬೇಕು. ಫೋನಿನ್ಯಾಗೆ ರೆಕಾರ್ಡ್ ಮಾಡಿ ತಗಂತೀನಿ, ಹಾಡ್ರಿ.”

ನಾಗಲಿಂಗಮ್ಮ ನಂಬಲಿಲ್ಲ. ಆಮೇಲೆ ನಂಬಿದಳು. ಮಧ್ಯಾಹ್ನ ಊಟವಾದ ಮೇಲೆ ಹೊಸ ಸೀರೆ ಉಟ್ಟು, ಕೂಸನ್ನು ತೋಳಿನ ಮೇಲೆ ಹಾಕಿಕೊಂಡು, ಫೋನು ದಿಂಬಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ಎರಡೆರಡು ಸಲ ನೋಡಿದಳು.

“ಪೂರಾ ತಗೋ. ನಡುವ ನಿಲ್ಲಿಸಬ್ಯಾಡ,” ಎಂದಳು. “ಎರಡನೇ ನುಡಿ ಭಾಳ ಚೆಂದ ಐತಿ.”