ಮನೆ ರಾಯರದು, ಕರೆಂಟು ನಮ್ಮದು

ಬಾಡಿಗೆ ಮನೆಯಲ್ಲಿ ಬಹಳ ಕಾಲ ಇದ್ದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಗೋಡೆಗೆ ಮೊಳೆ ಹೊಡೆಯಬೇಕಿದ್ದರೂ ಮಾಲೀಕರ ಮುಖ ನೋಡುವ ರೋಗ. ಅಮೆರಿಕದ ಸ್ಯಾನ್ ರಮೋನಿನ ಕಿರಣಕುಮಾರನಿಗೆ ಅದು ಸ್ವಲ್ಪ ಜಾಸ್ತಿಯೇ ಇತ್ತು. ಮನೆ ಮಾಲೀಕ ಶೇಷಗಿರಿರಾಯರು ಮೈಸೂರಿನವರು, ಹಿರಿಯರು, ಕನ್ನಡ ಕೂಟದಲ್ಲಿ ಪರಿಚಯವಾದವರು. ದೀಪಾವಳಿಗೆ ಬಾಗಿಲಿಗೆ ತೋರಣ ಕಟ್ಟಬೇಕಾದಾಗಲೂ ಕಿರಣ ಅವರಿಗೆ ಫೋನ್ ಮಾಡಿ ಕೇಳಿದ್ದ.

ಅವನ ತಾಯಿ ಬಂಗಾರೆವ್ವ ಗದಗಿನ ಕಡೆಯವಳು. ಮಂಡಿ ನೋವಿನವಳು, ಮೆಟ್ಟಿಲು ಹತ್ತಲಾರಳು. ಆ ಊರಿನ ಬಾಡಿಗೆ ಮನೆಗಳಲ್ಲಿ ಮಲಗುವ ಕೋಣೆಗಳೆಲ್ಲ ಸಾಮಾನ್ಯವಾಗಿ ಮಹಡಿಯ ಮೇಲೆಯೇ ಇರುತ್ತವೆ. ಈ ಮನೆಯಲ್ಲಿ ಮಾತ್ರ ಕೆಳಗೊಂದು ಕೋಣೆಯಿತ್ತು. ಅದೊಂದು ಇದ್ದದ್ದಕ್ಕೇ ಅವಳು ಮಗ, ಸೊಸೆ ಐಶ್ವರ್ಯಾಳ ಜೊತೆ ಇರಲು ಸಾಧ್ಯವಾಗಿತ್ತು.

ಒಂದು ಭಾನುವಾರ ಲಿವರ್‌ಮೋರ್ ದೇವಸ್ಥಾನಕ್ಕೆ ಹೋದವರು ಹಾಗೇ ಫ್ರೀವೇ ಹಿಡಿದು ಮುಂದಕ್ಕೆ ಹೋದರು. ಬೋಳು ಗುಡ್ಡಗಳ ನೆತ್ತಿಯ ಮೇಲೆ ಸಾಲು ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಬಂಗಾರೆವ್ವ ಕಾರು ನಿಲ್ಲಿಸಲು ಹೇಳಿದಳು. ಊರಲ್ಲಿ ಕಪ್ಪತಗುಡ್ಡದ ಮೇಲೆ ಇಂಥವನ್ನು ದೂರದಿಂದ ಕಂಡಿದ್ದಳು, ಹತ್ತಿರದಿಂದ ಕಂಡಿರಲಿಲ್ಲ. ಒಂದೊಂದು ರೆಕ್ಕೆ ಬೀಸಿದಾಗಲೂ ಅವಳಿಗೆ ಮೈ ಜುಮ್ಮೆಂದಿತು. ತಾನೇ ತಾನಾಗಿ ಕೈ ಜೋಡಿಸಿದಳು.

"ಕಣ್ಣಿಗೆ ಕಾಣದ ಗಾಳಿ ಹಿಡದು ದೀಪಾ ಹಚ್ಚೂದಂದ್ರ ಏನು ಸಣ್ಣ ಮಾತಾ? ಐಶ್ವರ್ಯಾ, ನಮ್ಮ ಮನಿ ಕರೆಂಟೂ ಇಲ್ಲಿಂದ ಬರತೈತೇನು?"

"ಇದೇ ಗುಡ್ಡದಿಂದ ಅಂತ ಹೇಳಾಕ ಬರೂದಿಲ್ಲ ಅತ್ತಿ. ಎಲ್ಲಾ ಕರೆಂಟೂ ಒಂದೇ ತಂತಿಯೊಳಗ ಕೂಡಿ ಬರತೈತಿ. ಆದ್ರ ನಮ್ಮ ಪಾಲಿಂದು ಗಾಳಿ, ಬಿಸಿಲಿನ ಕಡಿಂದನ ಕೊಳ್ರಿ ಅಂತ ನಾವು ಹೇಳಬಹುದು."

"ನಾವು ಹೇಳಿದ್ರ ಕೇಳತಾರ?"

ಸೊಸೆ ನಕ್ಕಳು. ಆ ವಾರವೇ ಆಕೆ ಫೋನ್ ಮಾಡಿ, ಎಲ್ಲ ವಿಚಾರಿಸಿ, ಊರುಗಳೇ ಸೇರಿ ನಡೆಸುವ ವಿದ್ಯುತ್ ಸಂಸ್ಥೆಯ ಗಾಳಿ-ಬಿಸಿಲಿನ ಪ್ಲಾನಿಗೆ ಬದಲಾಯಿಸಿಬಿಟ್ಟಳು. ಊಟಕ್ಕೆ ಕೂತಾಗ ಸಂತೋಷದಿಂದ ಹೇಳಿದಳು. ಕಿರಣನ ಕೈ ತುತ್ತಿನ ಸಮೇತ ನಿಂತಿತು.

"ಅಂಕಲ್‌ನ ಕೇಳಿದ್ಯಾ?"

"ಅವರನ್ನ್ಯಾಕ ಕೇಳಬೇಕು?"

"ಮನಿ ಅವರದು ಐಶ್ವರ್ಯಾ. ಬರೂ ತಿಂಗಳು ಲೀಸ್ ಕರಾರು ಮುಗೀತೈತಿ. ಸಿಟ್ಟಾಗಿ ಖಾಲಿ ಮಾಡ್ರಿ ಅಂದ್ರ? ಅವ್ವನ್ನ ಎಲ್ಲಿ ಇಡೂದು?"

ಬಂಗಾರೆವ್ವ ತಟ್ಟೆ ಸರಿಸಿದಳು. ಗುಡ್ಡದ ಹತ್ತಿರ ಬಾಯಿ ಬಿಟ್ಟವಳು ತಾನೇ ಅಲ್ಲವೇ? ತನ್ನ ಒಂದು ಮಾತಿನಿಂದ ತನ್ನ ಕೋಣೆಗೇ ಸಂಚಕಾರ ಬಂತು ಎಂದುಕೊಂಡಳು.

ಶನಿವಾರ ರಾಯರು ಸೋರುವ ನಲ್ಲಿ ನೋಡಲು ಬಂದರು. ಬಂಗಾರೆವ್ವ ಗಿರ್ಮಿಟ್ಟು ಕಲಸಿ, ಮಿರ್ಚಿ ಕರಿದು ಕಾಯುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ರಾಯರು ಒಂದು ತುತ್ತು ಬಾಯಿಗಿಟ್ಟರೋ ಇಲ್ಲವೋ, ಇವಳು ಎಲ್ಲ ಹೇಳಿಬಿಟ್ಟಳು.

"ತಪ್ಪಾತ್ರಿ ರಾಯರ. ನಿಮ್ಮನ್ನ ಕೇಳದ ಕರೆಂಟ್ ಬದಲಿ ಮಾಡ್ಯಾರ. ಹುಡುಗರದು ತಪ್ಪಿಲ್ಲ, ಆಸೆ ನಂದಿತ್ತು."

ರಾಯರು ತಟ್ಟೆ ಕೆಳಗಿಟ್ಟರು. "ಕರೆಂಟ್ ಕಂಪನಿ ಬದಲಾಯಿಸಿದ್ರಾ? ಅಲ್ಲ ಕಿರಣ್, ವೈರಿಂಗ್ ಮುಟ್ಟಿದ್ರಾ? ಮೀಟರ್ ಕಿತ್ತರಾ? ನನಗೊಂದು ಮಾತು ಹೇಳೋದಲ್ವಾ?"

ಕಿರಣ ನೆಲ ನೋಡಿದ. ಐಶ್ವರ್ಯಾ ಮಾತ್ರ ಹೆದರಲಿಲ್ಲ. "ಬನ್ನಿ ಅಂಕಲ್, ನೀವೇ ನೋಡಿ," ಎಂದು ಗರಾಜಿನ ಪಕ್ಕದ ಗೋಡೆಯ ಹತ್ತಿರ ಕರೆದೊಯ್ದಳು. ತಾಯಿ ಮಗ ಇಬ್ಬರೂ ಹಿಂದೆಯೇ ಬಂದರು. ಮೀಟರು ಅದೇ, ತಂತಿ ಅದೇ. ಒಂದು ಸ್ಕ್ರೂ ಕೂಡ ಅಲುಗಿರಲಿಲ್ಲ.

"ಹಾಲು ಹಾಕೋನು ಅವನೇ ಅಂಕಲ್, ಡೈರಿ ಮಾತ್ರ ಬೇರೆ. ತಂತಿ ನೋಡ್ಕೊಳ್ಳೋದು ಹಳೇ ಕಂಪನಿನೇ, ಬಿಲ್ಲು ಕಳಿಸೋದೂ ಅವರೇ. ಕರೆಂಟನ್ನ ಯಾರಿಂದ ಕೊಳ್ಳಬೇಕು ಅನ್ನೋದಷ್ಟೇ ಬದಲಾಗಿದೆ. ಖಾತೆ ನನ್ನ ಹೆಸರಲ್ಲಿದೆ. ಯಾರ ಹೆಸರಲ್ಲಿ ಖಾತೆ ಇರುತ್ತೋ ಆಯ್ಕೆ ಅವರದು."

"ಅದು ನನ್ನ ಹೆಸರಲ್ಲಿ ಇದ್ದಿದ್ರೆ?" ಎಂದರು ರಾಯರು.

"ಮುಟ್ತಾನೇ ಇರಲಿಲ್ಲ. ಗೋಡೆಗೆ ಕಾರ್ ಚಾರ್ಜರ್ ಹಾಕಿಸೋದಿದ್ರೂ ನಿಮ್ಮ ಒಪ್ಪಿಗೆ ಇಲ್ಲದೆ ಹಾಕ್ಸಲ್ಲ, ಮನೆ ನಿಮ್ದು. ಲೀಸ್‌ನಲ್ಲಿ ಇದರ ಬಗ್ಗೆ ಏನಾದ್ರೂ ಇದೆಯಾ ಅಂತಾನೂ ಓದಿದೆ, ಏನಿಲ್ಲ."

"ನೀವು ಖಾಲಿ ಮಾಡಿದ ಮೇಲೆ ನನ್ನ ತಲೆಗೆ ಬರಲ್ವಾ ಇದು?"

"ನಮ್ಮ ಖಾತೆ ನಮ್ಮ ಜೊತೆಗೇ ಮುಗಿಯುತ್ತೆ. ಆಮೇಲೆ ಬರೋರು ಅವರಿಗೆ ಬೇಕಾದ್ದು ಆರಿಸ್ಕೋತಾರೆ."

ರಾಯರು ಇನ್ನೂ ಬಿಡಲಿಲ್ಲ. "ಮೊನ್ನೆ ನಮ್ಮ ಮನೆಗೆ ಒಬ್ಬ ಬಂದಿದ್ದ. ಬಿಲ್ಲು ತೋರಿಸಿ, ಕಡಿಮೆ ಮಾಡಿಕೊಡ್ತೀನಿ ಅಂದ. ಅವನ ಬಲೆಗೆ ಬಿದ್ದಿರೇನೋ ಅಂದ್ಕೊಂಡೆ."

"ಅವನು ಇಲ್ಲಿಗೂ ಬಂದಿದ್ದ. ಬಾಗಿಲಲ್ಲೇ ಕಳಿಸಿದೆ. ಬಿಲ್ಲಿನ ಮೇಲೆ ಖಾತೆ ನಂಬರ್ ಇರುತ್ತಲ್ಲ, ಅದು ಕೈಗೆ ಸಿಕ್ರೆ ನಮಗೇ ಗೊತ್ತಿಲ್ಲದೆ ಬದಲಾಯಿಸೋರೂ ಇರ್ತಾರೆ. ನಾನು ಬಿಲ್ಲಿನಲ್ಲಿರೋ ನಂಬರಿಗೇ ಫೋನ್ ಮಾಡಿ, ದರ ಕೇಳ್ಕೊಂಡು, ವಾಪಸ್ ಬರೋಕೆ ಆಗುತ್ತಾ ಅಂತ ಕೇಳ್ಕೊಂಡೇ ಒಪ್ಪಿದ್ದು. ಸ್ವಲ್ಪ ಜಾಸ್ತಿ ಬೀಳುತ್ತೆ, ಅದು ನಮ್ಮಿಷ್ಟ."

ರಾಯರು ಆ ಮೀಟರನ್ನು ಮೊದಲ ಸಲ ಕಂಡವರ ಹಾಗೆ ಬಗ್ಗಿ ನೋಡಿದರು.

"ಇಷ್ಟು ವರ್ಷ ಈ ದೇಶದಲ್ಲಿದ್ದೀನಿ. ಸ್ವಿಚ್ ಹಾಕಿದ್ರೆ ದೀಪ ಹತ್ತುತ್ತೆ, ಅಷ್ಟೇ ಗೊತ್ತು. ಅದು ಎಲ್ಲಿಂದ ಬರಬೇಕು ಅನ್ನೋದರಲ್ಲಿ ನನ್ನದೂ ಒಂದು ಮಾತು ಇದೆ ಅಂತ ಗೊತ್ತೇ ಇರಲಿಲ್ಲ."

ಬಂಗಾರೆವ್ವನಿಗೂ ಆಗ ಅದೇ ಅನಿಸಿತು. ಮೆಟ್ಟಿಲು ಹತ್ತಲಾರದ ಮುದುಕಿ ನಾನು. ಆಕಾಶದಲ್ಲಿ ಬೀಸುವ ಗಾಳಿ, ಗುಡ್ಡದಷ್ಟು ಯಂತ್ರ, ಊರೂರು ದಾಟಿ ಬರುವ ತಂತಿ, ಇಷ್ಟೆಲ್ಲ ನಮ್ಮಂಥವರ ಒಂದು ಮಾತಿಗೆ ಕಾಯುತ್ತದೆಯೇ? ಅವಳಿಗೆ ಕಣ್ಣು ತುಂಬಿ ಬಂತು. ಭಯಕ್ಕಲ್ಲ.

"ಹಂಗಾರ ರಾಯರ, ನಾವು ಈ ಮನ್ಯಾಗ..." ಎಂದು ಕೇಳಲು ಹೊರಟಳು.

"ಅಮ್ಮಾ, ಲೀಸ್ ಮುಂದುವರಿಸೋಣ ಅಂತ ಹೇಳೋಕೇ ನಾನು ಬಂದಿದ್ದು. ನಲ್ಲಿ ಒಂದು ನೆಪ." ಆಮೇಲೆ ಕಿರಣನ ಕಡೆ ತಿರುಗಿದರು. "ನೋಡಪ್ಪ, ಇದಕ್ಕೆ ನೀನು ನನ್ನ ಕೇಳಬೇಕಾಗಿರಲಿಲ್ಲ. ಆದ್ರೆ ಹೇಳಿದ್ದಿದ್ರೆ ನಿಮ್ಮಮ್ಮ ಇಷ್ಟು ಹೆದರ್ತಿರಲಿಲ್ಲ. ಅಪ್ಪಣೆ ಕೇಳೋದು ಬೇರೆ, ವಿಷಯ ತಿಳಿಸೋದು ಬೇರೆ."

ಬಾಡಿಗೆ ಮನೆಯಲ್ಲಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇವತ್ತು ಸಂಜೆ ನಿಮ್ಮ ಕರೆಂಟ್ ಬಿಲ್ಲು ತೆಗೆದು ನೋಡಿ. ಅದರ ಮೇಲೆ ಯಾರ ಹೆಸರಿದೆ? ನಿಮ್ಮದಿದ್ದು, ನಿಮ್ಮ ಊರಲ್ಲಿ ಇಂಥ ಆಯ್ಕೆ ಇದ್ದರೆ, ಅದು ನಿಮ್ಮದು. ಮಾಲೀಕರದಿದ್ದರೆ ಅವರ ಹತ್ತಿರ ಮಾತಾಡಿ. ಲೀಸ್ ಒಮ್ಮೆ ಓದಿ. ಬಾಗಿಲಿಗೆ ಬಂದವರಿಗೆ ನೀರು ಕೊಡಿ, ಬಿಲ್ಲು ಮಾತ್ರ ಕೊಡಬೇಡಿ. ಹೆದರಿಕೆಯಿಂದ ಸುಮ್ಮನಿರಬೇಡಿ. ಮನೆ ಬಾಡಿಗೆಯದಿರಬಹುದು, ನಿಮ್ಮ ಹಕ್ಕು ಬಾಡಿಗೆಯದಲ್ಲ.