ಒಂದು-ಒಂದರ ಸುಮೇರ್ ಆಜಾ

ಸುಮೇರ್ ಆಜಾ, ಅಂದರೆ ಸುಮೇರ್ ಅಜ್ಜ, ಯಾವ ಅಂಗಳವನ್ನೂ ನೇರವಾಗಿ ದಾಟಿದವರಲ್ಲ. ಒಂದು ಮೂಲೆಯಿಂದ ಹೊರಟರೆ ಎದುರು ಮೂಲೆಗೇ, ಓರೆಯಾಗಿ, ಬೆನ್ನು ಸೆಟೆಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಸಾಗುವುದು ಅವರ ನಡಿಗೆಯ ಧರ್ಮ. ಬಾ ಎಂಬ ಪಟ್ಟಣದ ಬಸ್ ನಿಲ್ದಾಣವಾಗಲಿ, ಸೊಸೆ ಬಿಮ್ಲಾ ಮೆಣಸಿನಕಾಯಿ ಒಣಹಾಕಿದ ಹಿತ್ತಿಲಾಗಲಿ, ಈ ಕ್ರಮಕ್ಕೆ ವಿನಾಯಿತಿಯಿಲ್ಲ. ಇಪ್ಪತ್ತಾರು ವರ್ಷ ಕಬ್ಬುಸೀಮೆಯ ಮೈದಾನಗಳಲ್ಲಿ ಫುಟ್‌ಬಾಲ್ ರೆಫರಿಯಾಗಿ ಓಡಿದ ಕಾಲುಗಳಿಗೆ ಆ ಕರ್ಣರೇಖೆ ಅಂಟಿಕೊಂಡುಬಿಟ್ಟಿದೆ. ಮಾತು ಮುಗಿಸಿ ಹೊರಡುವಾಗಲೂ ನಾಲ್ಕು ಹೆಜ್ಜೆ ಹಿಮ್ಮುಖವಾಗಿ ನಡೆದು ಆಮೇಲೆ ತಿರುಗುತ್ತಾರೆ. ಆಟಗಾರರಿಗೆ ಬೆನ್ನು ತೋರಿಸಿದ ರೆಫರಿ ಅರ್ಧ ಕುರುಡನೆಂಬುದು ಅವರ ನಂಬಿಕೆ. ಅದು ಮನೆಯವರ ವಿಷಯದಲ್ಲೂ ನಿಜವೆಂದು ಅವರು ಬಗೆದಿದ್ದಾರೆ.

ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ಟ್ರಂಕಿನೊಳಗಿಂದ ಅವರ ರೆಫರಿಯ ಕರಿಯ ಕೋಟು ಹೊರಬರುತ್ತದೆ. ಕೊರಳಪಟ್ಟಿಯ ಬಿಳುಪು ಚಹಾದ ಬಣ್ಣಕ್ಕೆ ತಿರುಗಿ ಎಷ್ಟೋ ಕಾಲವಾಯಿತು, ಒಂದು ಗುಂಡಿ ಬಿಮ್ಲಾಳ ರವಿಕೆಯದು. ಬಾ ಪಟ್ಟಣದ ಧಗೆಯಲ್ಲಿ ಉಳಿದವರು ಬನಿಯನ್ನಿನಲ್ಲಿ ಕುಳಿತು ಬೆವರುತ್ತಿರುವಾಗ ಆಜಾ ಮಾತ್ರ ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಎದೆಯ ಮೇಲೆ ಹಿತ್ತಾಳೆಯ ಸೀಟಿ ತೂಗುಬಿಟ್ಟುಕೊಂಡು, ಅಡುಗೆಮನೆಯ ಗೋಡೆಯ ಬಳಿ ನಿಂತಿರುತ್ತಾರೆ.

ಆ ಗೋಡೆಯ ಮೇಲೆಯೇ ಮನೆಯ ಪಟ್ಟಿ. ಹಳೆಯ ಕ್ಯಾಲೆಂಡರುಗಳ ಬೆನ್ನನ್ನು ಮೈದಾ ಅಂಟಿನಿಂದ ಜೋಡಿಸಿ, ಪ್ರತಿ ಆಟಕ್ಕೊಂದು ಸಾಲು, ಮನೆಯ ಪ್ರತಿ ಜೀವಕ್ಕೊಂದು ಕಾಲಮ್ಮು ಎಳೆದಿರುತ್ತಾರೆ. ಆಟ ಶುರುವಾಗುವ ಮುನ್ನ ಎಲ್ಲರೂ ತಮ್ಮ ಊಹೆ ಬರೆಯಬೇಕು, ಬರೆದದ್ದನ್ನು ತಿದ್ದುವಂತಿಲ್ಲ, ತೊಂಬತ್ತು ನಿಮಿಷದ ಫಲಿತಾಂಶ ಮಾತ್ರ ಲೆಕ್ಕ. ಗೋಲುಗಳ ಸಂಖ್ಯೆ ಸರಿಯಾದರೆ ಮೂರಂಕ, ಗೆದ್ದವರು ಮಾತ್ರ ಸರಿಯಾದರೆ ಒಂದಂಕ. ಆಜಾ ಸೀಟಿ ಊದಿದ ಮೇಲೆ ದೇವರೇ ಇಳಿದುಬಂದರೂ ಪೆನ್ನು ಮುಟ್ಟುವ ಹಾಗಿಲ್ಲ. ಕೊನೆಯ ಸ್ಥಾನಕ್ಕೆ ಬಂದವರು ಕಬ್ಬಿನ ಹಂಗಾಮು ಮುಗಿಯುವವರೆಗೆ ಮನೆಮಂದಿಗೆಲ್ಲ ನಿಂಬೆ ಎಲೆಯ ಚಹಾ ಕಾಸಬೇಕು. ಈ ಸ್ಥಾನ ಮಾತ್ರ ಎಂದೂ ಕೈತಪ್ಪದೆ ಆಜಾ ಅವರದೇ, ಏಕೆಂದರೆ ಅವರು ಎಲ್ಲ ಆಟಕ್ಕೂ ಬರೆಯುವುದು ಒಂದೇ: ಒಂದು-ಒಂದು.

"ಪಿತಾಜಿ, ಗದ್ದೆ ಬೆದರುಬೊಂಬೆ ಕೈಗೆ ಪೆನ್ನು ಕೊಟ್ರೂ ಇಷ್ಟು ಬರೆಯುತ್ತೆ," ಎಂದು ಕಿರಿಯ ಮಗ ಧರ್ಮೇನ್ ಪ್ರತಿ ಸಲವೂ ಕಿಚಾಯಿಸುತ್ತಾನೆ.

"ಬರೀಲಿ ಬಿಡು. ಅದೂ ಯಾರ ಪಕ್ಷಾನೂ ವಹಿಸಲ್ಲ," ಎಂದು ಆಜಾ ಚಹಾದ ಪಾತ್ರೆ ತೊಳೆಯಲು ಹೋಗುತ್ತಾರೆ.

ಈ ಹಟದ ಹಿಂದೆ ಒಂದು ಕಥೆಯಿದೆ. ಧರ್ಮೇನ್ ಹತ್ತು ವರ್ಷದವನಿದ್ದಾಗ ನದಿಯ ಈಚೆ ದಡದವರಿಗೂ ಆಚೆ ದಡದವರಿಗೂ ಅಂತಿಮ ಪಂದ್ಯ ನಡೆಯಿತು. ಆಜಾ ಈಚೆ ದಡದವರು. ಕೊನೆಯ ಗಳಿಗೆಯಲ್ಲಿ ಚೆಂಡು ಗೋಲುಗೆರೆ ದಾಟಿತೆಂದು ಸೀಟಿ ಊದಿದರು, ತಮ್ಮೂರು ಗೆದ್ದಿತು. ಮಾರನೆಯ ಬೆಳಗ್ಗೆ ಖಾಲಿ ಮೈದಾನಕ್ಕೆ ಹೋಗಿ ನೋಡಿದರೆ ಒದ್ದೆ ಚೆಂಡಿನ ಅಚ್ಚು ಸುಣ್ಣದ ಗೆರೆಯ ಮೇಲೆಯೇ ಕುಳಿತಿತ್ತು, ದಾಟಿರಲಿಲ್ಲ. ಅದೇ ಕೋಟು ತೊಟ್ಟು, ಬಸ್ಸು ಹಿಡಿದು ಆಚೆ ದಡಕ್ಕೆ ಹೋಗಿ, ಸೋತ ತಂಡದ ನಾಯಕನ ಅಂಗಳದಲ್ಲಿ ನಿಂತು, "ತಪ್ಪು ನಂದು. ಚೆಂಡು ದಾಟಿರ್ಲಿಲ್ಲ," ಎಂದು ಹೇಳಿ ಬಂದರು. ಫಲಿತಾಂಶ ಬದಲಾಗಲಿಲ್ಲ, ಬದಲಾದದ್ದು ಅವರ ಊರು. ಒಂದು ವರ್ಷ ಯಾರೂ ಅವರನ್ನು ಯಂಗೋನಾ ಎಂಬ ಬೇರಿನ ಪಾನೀಯ ಕುಡಿಯುವ ಚಾಪೆಗೆ ಕರೆಯಲಿಲ್ಲ. ಪುಟ್ಟ ಧರ್ಮೇನ್ ಮಾತ್ರ ಅಪ್ಪನನ್ನು ಬೈದವರ ಮೇಲೆ ಬಿದ್ದು ಹೊಡೆದಾಡಿ ಮುಂದಿನ ಹಲ್ಲೊಂದನ್ನು ಕಳೆದುಕೊಂಡ. ಯಾರು ಗೆಲ್ಲಬೇಕೆಂದು ಆಸೆಪಡುವ ಹಕ್ಕನ್ನು ಆ ಒಂದು ಗೋಲಿನಲ್ಲೇ ಖರ್ಚು ಮಾಡಿಬಿಟ್ಟೆನೆಂದು ಆಜಾ ತೀರ್ಮಾನಿಸಿದ್ದು ಆಗಲೇ.

ಇಂಥ ಮನುಷ್ಯನ ಹಿಂದೆ ಬಿದ್ದವಳು ಮೊಮ್ಮಗಳು ರೋಶಿಕಾ. ಬಿಮ್ಲಾಳ ಮಗಳು, ಹತ್ತೊಂಬತ್ತು ವರ್ಷ. ಅಜ್ಜನ ಹಾಗೆ ರೆಫರಿಯಾಗಬೇಕೆಂದು ಎರಡು ವರ್ಷದಿಂದ ನಿಯಮಪುಸ್ತಕ ಉರುಹೊಡೆಯುತ್ತಿದ್ದಳು. ಆ ವರ್ಷದ ವಿಶ್ವಕಪ್ಪಿನ ಅಂತಿಮ ಪಂದ್ಯ ಸೋಮವಾರ ಬೆಳಗ್ಗೆ. ಅದೇ ವಾರದ ಶನಿವಾರ ಲೌಟೋಕಾ ನಗರದಲ್ಲಿ ಅವಳ ರೆಫರಿ ಪರೀಕ್ಷೆ, ಒಂದು ಇಡೀ ಪಂದ್ಯ ನಡೆಸಿ ತೋರಿಸಬೇಕು. ಅಜ್ಜನ ಸೀಟಿ ಬೇಕೆಂದು ಕೇಳಿದ್ದಳು. "ನೋಡೋಣ" ಎಂದಷ್ಟೇ ಹೇಳಿದ್ದರು. ಬ್ರೆಜಿಲ್ ಸೋತ ದಿನ ರೊಟ್ಟಿ ಮುಟ್ಟದೆ ಅತ್ತ ಹುಡುಗಿಯ ಕೈಗೆ ಸೀಟಿ ಕೊಡಲು ಅವರಿಗೆ ಧೈರ್ಯವಿರಲಿಲ್ಲವೆಂದು ಕಾಣುತ್ತದೆ. ಆದರೆ ಅಡ್ಡ ನಿಂತವನು ಕಾಕಾ ಧರ್ಮೇನ್.

"ಮೈದಾನದಲ್ಲಿ ಜನರ ಬಾಯಿ ಹೇಗಿರುತ್ತೆ ಅಂತ ನಂಗೊತ್ತು ಕಣೇ. ನಂಗೆ ಇನ್ನೊಂದು ಹಲ್ಲು ಕಳ್ಕೊಳ್ಳೋ ವಯಸ್ಸಲ್ಲ."

"ನಿನ್ನ ಹಲ್ಲು ನೀನು ಮನೇಲೇ ಇಟ್ಟು ಬಾ ಕಾಕಾ. ಗಾಡಿ ಮಾತ್ರ ಓಡಿಸು."

ಕೊನೆಗೆ ಪಂತವಾಯಿತು. ಪಟ್ಟಿಯಲ್ಲಿ ರೋಶಿಕಾ ಮೊದಲು ಬಂದರೆ ಧರ್ಮೇನ್ ತನ್ನ ಗಾಡಿಯಲ್ಲಿ ಅವಳನ್ನು ಲೌಟೋಕಾಕ್ಕೆ ಕರೆದೊಯ್ಯಬೇಕು. ಧರ್ಮೇನ್ ಮೊದಲು ಬಂದರೆ ಅವಳು ಪರೀಕ್ಷೆಯ ಮಾತೆತ್ತಬಾರದು. ಅಂತಿಮ ಪಂದ್ಯದ ಬೆಳಗ್ಗೆ ಧರ್ಮೇನ್ ಎರಡಂಕ ಮುಂದಿದ್ದ. ಅವನು ಎರಡು-ಸೊನ್ನೆ ಎಂದು ಬರೆದು ಟೀವಿಯ ಮುಂದೆ ಕುಳಿತ. ಬಿಮ್ಲಾ ಬರೆದಳು, ಅವಳ ಗಂಡ ಎಂದಿನಂತೆ ಹೆಂಡತಿ ಬರೆದದ್ದನ್ನೇ ನಕಲು ಮಾಡಿದ. ಆಜಾ ಒಂದು-ಒಂದು ಬರೆದು ಗೋಡೆಗಡಿಯಾರದ ಕಡೆ ಕಣ್ಣು ನೆಟ್ಟರು. ರೋಶಿಕಾ ಪೆನ್ನು ಹಿಡಿದು ನಿಂತೇ ಇದ್ದಳು, ಅಂಕಿ ಹೊಳೆಯುತ್ತಿರಲಿಲ್ಲ.

ಅಷ್ಟರಲ್ಲಿ ಹಿತ್ತಿಲ ಆಚೆ ಗಿರಣಿಗೆ ಕಬ್ಬು ಸಾಗಿಸುವ ರೈಲು ಬಂತು. ಆ ಪುಟ್ಟ ಎಂಜಿನ್ನಿಗೆ ಅದರ ಗಾತ್ರಕ್ಕೆ ಮೀರಿದ ಗಂಟಲು. ಕೂಗಿತೆಂದರೆ ಪಾತ್ರೆಗಳು ಅದುರುತ್ತವೆ. ಆ ಕೂಗಿನ ನಡುವೆಯೇ ಆಜಾ ಕೆನ್ನೆಯುಬ್ಬಿಸಿ ಸೀಟಿ ಊದಿದರು. ಯಾರಿಗೂ ಕೇಳಿಸಲಿಲ್ಲ, ಊದಿದವರ ಕಣ್ಣು ಗಡಿಯಾರದ ಮೇಲಿತ್ತು. ಮೊಳ ದೂರದಲ್ಲಿದ್ದ ರೋಶಿಕಾ ಮಾತ್ರ ಆ ಉಬ್ಬಿದ ಕೆನ್ನೆಯನ್ನು ಕಂಡಳು. ಕಂಡ ಮೇಲೆ, ಗಾಬರಿಯಲ್ಲಿ, ಅಜ್ಜನ ಕಾಲಮ್ಮಿನಿಂದ ಕಣ್ಣಿಗೆ ಬಿದ್ದ ಒಂದು-ಒಂದನ್ನೇ ಬರೆದು ಪೆನ್ನು ಕೆಳಗಿಟ್ಟಳು.

ತೊಂಬತ್ತು ನಿಮಿಷ ಮುಗಿದಾಗ ಟೀವಿಯಲ್ಲಿ ಒಂದು-ಒಂದೇ ಇತ್ತು. ಬಿಮ್ಲಾ ಮಗಳನ್ನು ಅಪ್ಪಿಕೊಂಡಳು. ಧರ್ಮೇನ್ ಪಟ್ಟಿಯ ಮುಂದೆ ನಿಂತು ಮೂರು ಸಲ ಕೂಡಿ, ಒಂದಂಕದಿಂದ ಸೋತೆನೆಂದು ಒಪ್ಪಿಕೊಂಡು, "ಆಯ್ತಮ್ಮ, ಶನಿವಾರ ಎಷ್ಟೊತ್ತಿಗೆ ಹೊರಡ್ಬೇಕು ಹೇಳು," ಎಂದ. ಕೇಳಬೇಕೆಂದು ರೋಶಿಕಾ ಎರಡು ವರ್ಷ ಕಾದ ಮಾತು ಅದು. ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಆದರೆ ಪ್ರತಿ ಜಗಳದಲ್ಲೂ, ಬೆಕ್ಕು ಹಾಲು ಕುಡಿದದ್ದರಿಂದ ಹಿಡಿದು ಬೇಲಿ ಸರಿಸಿದ್ದರವರೆಗೆ, ಅಜ್ಜ ಕೇಳುತ್ತಿದ್ದ ಒಂದೇ ಮಾತು ಅವಳ ಕಿವಿಯಲ್ಲಿತ್ತು: "ನೋಡಿದ್ಯಾ? ನೋಡಿದ್ರೆ ಹೇಳು."

"ನಾನು ಬರೆದಿದ್ದು ಸೀಟಿ ಆದ್ಮೇಲೆ," ಎಂದಳು. "ರೈಲಿನ ಸದ್ದಲ್ಲಿ ನಿಮಗ್ಯಾರಿಗೂ ಕೇಳಿಸ್ಲಿಲ್ಲ. ಆಜಾ ಊದಿದ್ದು ನಾನು ನೋಡ್ದೆ."

ಟೀವಿಯಲ್ಲಿ ಹೆಚ್ಚುವರಿ ಆಟ ಶುರುವಾಯಿತು, ನೋಡುವವರಿರಲಿಲ್ಲ. "ಹೋಗ್ಲಿ ಬಿಡೇ, ಒಂದು ಗಳಿಗೆ ಹೆಚ್ಚುಕಮ್ಮಿ," ಎಂದು ಬಿಮ್ಲಾ ಗೊಣಗಿದಳು. ಎಲ್ಲರ ಕಣ್ಣೂ ಆಜಾ ಕಡೆ ತಿರುಗಿತು. ಆಜಾ ಪೆನ್ನು ತೆಗೆದುಕೊಂಡರು. ಮೊಮ್ಮಗಳ ಒಂದು-ಒಂದರ ಮೇಲೆ ಗೆರೆ ಎಳೆದರು.

"ಧರ್ಮೇನ್ ಗೆದ್ದ," ಎಂದರು.

ಅವಳು ತಲೆಯಾಡಿಸಿದಳು. ಅಳಲಿಲ್ಲ. ಬ್ರೆಜಿಲ್ಲಿಗಾಗಿ ಅತ್ತವಳು ತನಗಾಗಿ ಅಳದೆ ನಿಂತದ್ದನ್ನು ಆಜಾ ನೋಡಿದರು. ಪೆನ್ನು ಕೆಳಗಿಡಲಿಲ್ಲ. ಪಟ್ಟಿಯ ತಳದಲ್ಲಿ, ಅಂತಿಮ ಪಂದ್ಯದ ಕೆಳಗಿನ ಖಾಲಿ ಜಾಗದಲ್ಲಿ, ಹೊಸದೊಂದು ಸಾಲು ಎಳೆದು 'ಶನಿವಾರ, ಲೌಟೋಕಾ, ರೋಶಿಕಾಳ ಪರೀಕ್ಷೆ' ಎಂದು ಬರೆದರು. ಆಮೇಲೆ ತಮ್ಮ ಕಾಲಮ್ಮಿನಲ್ಲಿ, ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು-ಒಂದನ್ನು ಬಿಟ್ಟು, ಬೇರೆ ಬರೆದರು: 'ಪಾಸ್'.

ಧರ್ಮೇನ್ ಹತ್ತಿರ ಬಂದು ಓದಿದ. ಮತ್ತೊಮ್ಮೆ ಓದಿದ. "ಪಿತಾಜಿ, ಪಂತ ನಾನು ಗೆದ್ದಿದ್ದೀನಿ."

"ಹೌದು. ನೀನು ಬೇಡ ಅಂದ್ರೆ ಅವಳು ಹೋಗಲ್ಲ. ನಾನು ಊಹೆ ಬರೆದಿದ್ದೀನಿ, ಅಷ್ಟೇ."

"ಅವಳು ಹೋಗ್ದಿದ್ರೆ ಈ ಸಾಲು ಫಲಿತಾಂಶ ಇಲ್ದೆ ಖಾಲಿ ಉಳಿಯುತ್ತಲ್ಲ."

"ಉಳಿಯುತ್ತೆ."

ಈ ಮನೆಯ ಪಟ್ಟಿಯಲ್ಲಿ ಇದುವರೆಗೆ ಒಂದು ಸಾಲೂ ಖಾಲಿ ಉಳಿದದ್ದಿಲ್ಲ. ಧರ್ಮೇನ್ ಆ ಎರಡಕ್ಷರವನ್ನು ಬಹಳ ಹೊತ್ತು ನೋಡಿದ. ಮುರಿದ ಹಲ್ಲಿನ ಜಾಗಕ್ಕೆ ನಾಲಿಗೆ ತಾಗಿಸುವುದು ಯೋಚಿಸುವಾಗಿನ ಅವನ ಚಾಳಿ. ಊರೆಲ್ಲ ಮುಖ ತಿರುಗಿಸಿದಾಗಲೂ ಯಾರ ಕಡೆಗೂ ವಾಲದಿದ್ದ ಅಪ್ಪ ಇಂದು ವಾಲಿದ್ದರು. ಅವನು ಅಪ್ಪನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಕಾಲಮ್ಮಿನಲ್ಲೂ 'ಪಾಸ್' ಎಂದು ಬರೆದ. "ಆರು ಗಂಟೆಗೆ ಗಾಡಿ ಹೊರಡುತ್ತೆ. ಒಂದು ನಿಮಿಷ ತಡವಾದ್ರೂ ಬಿಟ್ಟು ಹೋಗ್ತೀನಿ," ಎಂದು ಹೇಳಿ, ಮುಖ ತೋರಿಸದೆ ಹಿತ್ತಿಲಿಗೆ ನಡೆದ.

ಆಜಾ ಕೊರಳಿಂದ ಸೀಟಿ ಬಿಚ್ಚಿ ಮೊಮ್ಮಗಳ ಕೊರಳಿಗೆ ಹಾಕಿದರು. ನಾಲ್ಕು ಹೆಜ್ಜೆ ಹಿಮ್ಮುಖವಾಗಿ ನಡೆದು, ತಿರುಗಿ, ಅಡುಗೆಮನೆಯನ್ನು ಓರೆಯಾಗಿ ದಾಟಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು. ಅಂತಿಮ ಪಂದ್ಯದ ಮೂರಂಕ ಸೇರಿಸಿಕೊಂಡರೂ ಕೊನೆಯ ಸ್ಥಾನ ಅವರದೇ ಆಗಿತ್ತು. ಶನಿವಾರ ಸಂಜೆ ಆ ಸಾಲು ತುಂಬಿತು, ಅಪ್ಪ-ಮಗ ಇಬ್ಬರ ಊಹೆಯೂ ಸರಿಯಾಗಿತ್ತು.

ಯಾರ ಪಕ್ಷವನ್ನೂ ವಹಿಸದ ಮನುಷ್ಯರನ್ನು ಲೋಕ ಒಣಗಿದವರೆಂದು ಬಗೆದು ಅವರಿಂದ ದೂರ ಕುಳಿತುಕೊಳ್ಳುತ್ತದೆ. ಅವರೊಳಗೂ ಒಲವು ಉಂಟು, ಉಳಿದವರಿಗಿಂತ ಹೆಚ್ಚೇ ಉಂಟು. ನಾವು ಅದನ್ನು ದಿನಕ್ಕೆ ಹತ್ತು ಕಡೆ ಚೆಲ್ಲಿ ಬರುತ್ತೇವೆ, ಅವರು ಕೂಡಿಟ್ಟುಕೊಂಡು ಕಾಯುತ್ತಾರೆ. ಎಷ್ಟೋ ಜನ ಅದನ್ನು ಕೊಡುವ ಗಳಿಗೆಯೇ ಬಾರದೆ ಹಾಗೆಯೇ ಹೋಗಿಬಿಡುತ್ತಾರೆ. ಬಂದಾಗ ಮಾತ್ರ ಅವರು ಗೆದ್ದವರ ಕಡೆ ನೋಡುವುದಿಲ್ಲ. ತಮ್ಮ ಸೋಲನ್ನು ತಾವೇ ಹೇಳಿ ನಿಂತವರ ಹೆಸರಿನ ಮುಂದೆ ಅದನ್ನೆಲ್ಲ ಒಮ್ಮೆಲೇ ಬರೆದು, ಮತ್ತೆ ಚಹಾ ಕಾಸಲು ಹೋಗುತ್ತಾರೆ.