ಕ್ಯಾಪ್ಟನ್ ಕೂಗಿದ್ದು

"ದೊಡ್ಡದು ಅವಳಿಗಿರ್ಲಿ ಬಿಡೇ. ಪಾಪ, ನಮ್ಮ ಊಟ ತಿಂದು ಎಷ್ಟು ದಿನ ಆಯ್ತೋ ಏನೋ" ಎನ್ನುತ್ತ ಇನೆಜ್ ಮಗಳು ವೆರ್ಲಾಳ ತಟ್ಟೆಯ ಮೇಲಿಂದಲೇ ಕೈ ಚಾಚಿ, ಸುಟ್ಟ ಜೀಗುಜ್ಜೆಯ ಅಗಲವಾದ ಹೋಳೊಂದನ್ನು ಡೇನಾಳ ತಟ್ಟೆಗೆ ಹಾಕಿದಳು. ಅದರ ಮೇಲೊಂದು ಹುರಿದ ಮೀನನ್ನೂ ಇಟ್ಟಳು.

ವೆರ್ಲಾ ತನ್ನ ತಟ್ಟೆ ನೋಡಿಕೊಂಡಳು. ನಮ್ಮ ಊಟವನ್ನು ಈ ಹುಡುಗಿ ಯಾವತ್ತು ತಿಂದಿದ್ದಳಂತೆ? ಹುಟ್ಟಿದ್ದು, ಬೆಳೆದದ್ದು ಟೊರಾಂಟೊದಲ್ಲಿ. ಅಜ್ಜಿ ಇದೇ ಲೇಯು ಊರಿನವಳು ಎಂಬ ಒಂದೇ ಎಳೆ ಹಿಡಿದು ಅವಳನ್ನು ಸೇಂಟ್ ವಿನ್ಸೆಂಟ್ ದ್ವೀಪದ ತಂಡಕ್ಕೆ ಸೇರಿಸಿಕೊಂಡಿದ್ದರು. ಆ ಅಜ್ಜಿಯೂ ಇನೆಜಳೂ ಚಿಕ್ಕಂದಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರಂತೆ. ಹೀಗಾಗಿ ಹುಡುಗಿ ಬಂದ ಮೂರನೇ ದಿನದಿಂದಲೇ ಈ ಮನೆಯಲ್ಲಿ ಉಪಚಾರ ಶುರುವಾಗಿತ್ತು.

ವೆರ್ಲಾ ತಂಡದ ಕ್ಯಾಪ್ಟನ್. ಚೆಂಡನ್ನು ಮುಂದಕ್ಕೆ ಒಯ್ಯುವುದು, ಯಾರು ಎಲ್ಲಿ ನಿಲ್ಲಬೇಕೆಂದು ಕೂಗುವುದು, ಕೊನೆಯ ಗಳಿಗೆಯಲ್ಲಿ ತಾನೇ ಎಸೆಯುವುದು, ಎಲ್ಲ ಎಷ್ಟೋ ವರ್ಷಗಳಿಂದ ಅವಳ ಕೆಲಸ. ದ್ವೀಪಗಳ ಮಹಿಳಾ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಈ ಸಲ ಕಿಂಗ್ಸ್‌ಟೌನಿನಲ್ಲೇ ಇತ್ತು. ಊರವರ ಮುಂದೆ ಕಪ್ ಎತ್ತಿ ಆಮೇಲೆ ಆಟ ಬಿಟ್ಟರಾಯಿತು ಎಂದು ಅವಳು ಎಣಿಸಿಕೊಂಡಿದ್ದಳು. ಅಷ್ಟರಲ್ಲಿ ಈ ಹುಡುಗಿ ವಿಮಾನ ಇಳಿದು ಬಂದಳು. ಅವಳ ಮೊದಲ ದಿನದ ಅಭ್ಯಾಸದಲ್ಲಿ ಕೋಚ್ ಬಾಲಂಟೈನ್ ಬಾಯಿಂದ ಸೀಟಿ ತೆಗೆದು ಸುಮ್ಮನೆ ನೋಡುತ್ತ ನಿಂತುಬಿಟ್ಟಿದ್ದರು. ಸೇಂಟ್ ಲೂಸಿಯಾದ ಮೇಲಿನ ಪಂದ್ಯಕ್ಕೆ ಡೇನಾ ಮೊದಲ ಐವರಲ್ಲಿದ್ದಳು. ಕ್ಯಾಪ್ಟನ್ ಟವೆಲ್ ಹೊದ್ದುಕೊಂಡು, ನೋಯುವ ಮೊಣಕಾಲು ತಿಕ್ಕಿಕೊಳ್ಳುತ್ತ ಬೆಂಚಿನ ಮೇಲೆ ಕೂತಿದ್ದಳು.

ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಹುಡುಗಿ ಜಂಬದವಳಾಗಿದ್ದರೆ ಎಷ್ಟೋ ವಾಸಿಯಿತ್ತು, ಬಾಯ್ತುಂಬ ಬೈದುಕೊಂಡು ಇರಬಹುದಿತ್ತು. ಇವಳೋ "ವೆರ್ಲಕ್ಕ, ವೆರ್ಲಕ್ಕ" ಎಂದು ಹಿಂದೆ ಹಿಂದೆ ಸುತ್ತುತ್ತಿದ್ದಳು. ಊಟವಾದ ಮೇಲೆ ಎದ್ದು ಪಾತ್ರೆ ತೊಳೆಯುತ್ತಿದ್ದಳು. "ನೋಡಿ ಕಲಿ" ಎಂದು ಇನೆಜ್ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

"ಅವಳಿಗೆ ನಮ್ಮ ಮಾತುಕತೆ, ರೀತಿನೀತಿ ಎಲ್ಲ ನೀನೇ ಹೇಳ್ಕೊಡ್ಬೇಕಮ್ಮಾ. ಅವಳು ನಿನ್ನ ಜವಾಬ್ದಾರಿ" ಎಂದಿದ್ದರು ಬಾಲಂಟೈನ್.

ವೆರ್ಲಾ ಆಗಲಿ ಎಂದಿದ್ದಳು. ಬಹಳಷ್ಟು ಹೇಳಿಯೂ ಕೊಟ್ಟಳು. ಒಂದೇ ಒಂದು ಮಾತು ಬಿಟ್ಟಳು.

ಈ ದ್ವೀಪದಲ್ಲಿ 'ಈಗ್ಲೇ' ಅಂದರೆ ಈಗ ಅಲ್ಲ. ಇನ್ನು ಸ್ವಲ್ಪ ಹೊತ್ತಿಗೆ, ಕಾದಿರು, ಆಗುತ್ತೆ ಅಂತ ಅರ್ಥ. ಆ ಸ್ವಲ್ಪ ಹೊತ್ತು ಅರ್ಧ ಗಂಟೆಯೂ ಆಗಬಹುದು, ಸಾಯಂಕಾಲವೂ ಆಗಬಹುದು. ನಿಜವಾಗಿ ಈ ಕ್ಷಣವೇ ಆಗಬೇಕಿದ್ದರೆ 'ಈಗಿಂದೀಗ್ಲೇ' ಅನ್ನಬೇಕು. ಇಲ್ಲಿ ಹುಟ್ಟಿದವರಿಗೆ ಇದು ಎದೆಹಾಲಿನೊಂದಿಗೇ ಬರುವುದರಿಂದ ಇದರಲ್ಲಿ ವಿಶೇಷವಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ವೆರ್ಲಾಳಿಗೆ ಮಾತ್ರ ಗೊತ್ತಿತ್ತು. ಅವಳು ಪಕ್ಕದ ಬೆಕ್ವೇ ದ್ವೀಪಕ್ಕೆ ಹೋಗುವ ದೋಣಿಯ ಟಿಕೆಟ್ ಕಿಟಕಿಯಲ್ಲಿ ಕೆಲಸಕ್ಕಿದ್ದಳು. ದೋಣಿ ಈಗ್ಲೇ ಹೊರಡುತ್ತೆ ಎಂದು ಯಾರೋ ಅಂದದ್ದನ್ನು ಕೇಳಿ ಪೆಟ್ಟಿಗೆ ಎಳೆದುಕೊಂಡು ಓಡುವ ಪ್ರವಾಸಿಗರನ್ನು ಕರೆದು, "ನಿಧಾನ ಸ್ವಾಮಿ, ಕಾಫಿ ಕುಡ್ಕೊಂಡು ಬನ್ನಿ" ಎಂದು ದಿನಾ ಸಮಾಧಾನ ಹೇಳುತ್ತಿದ್ದಳು. ಕಂಡ ಕಂಡವರಿಗೆಲ್ಲ ಹೇಳುವ ಮಾತನ್ನು ಡೇನಾಳಿಗೆ ಹೇಳಲಿಲ್ಲ.

ಒಂದು ದಿನ ಅಭ್ಯಾಸ ಮುಗಿದ ಮೇಲೆ ವ್ಯಾನಿನವನು "ಈಗ್ಲೇ ಹೊರಡ್ತೀನಿ ಮಗಾ" ಎಂದು ಡೊಮಿನೊ ಆಡಲು ಹೋದ. ಡೇನಾ ಕಾದ ತಗಡಿನಂಥ ವ್ಯಾನಿನೊಳಗೆ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತೇಬಿಟ್ಟಳು. ವೆರ್ಲಾ ಬಾದಾಮಿ ಮರದ ನೆರಳಲ್ಲಿ ಎಳನೀರು ಕುಡಿಯುತ್ತ ನೋಡುತ್ತಿದ್ದಳು.

"ಅಕ್ಕ, ಈಗ್ಲೇ ಅಂದ್ರಲ್ಲ ಅವರು?" ಹುಡುಗಿ ಕಿಟಕಿಯಿಂದ ಕೇಳಿದಳು. ಮುಖವೆಲ್ಲ ಬೆವರು.

"ಅಂದ್ರಪ್ಪ."

"ಮತ್ತೆ ಯಾಕೆ ಬರ್ಲಿಲ್ಲ?"

"ಅದನ್ನ ಅವನನ್ನೇ ಕೇಳು."

ಹುಡುಗಿ ಕೇಳಲಿಲ್ಲ, ಮತ್ತೆ ಕೂತಳು. ವೆರ್ಲಾಳಿಗೆ ಎಳನೀರು ಎಂದಿಗಿಂತ ಸಿಹಿ ಅನ್ನಿಸಿತು. ಯಾವತ್ತಾದರೂ ಆಟದ ನಡುವೆ ಯಾರಾದರೂ ಈ ಮಾತು ಕೂಗಿಯಾರು, ಇವಳು ಎಡವಿಯಾಳು, ಇಲ್ಲಿಯವಳು ಯಾರು, ಅಲ್ಲಿಯವಳು ಯಾರು ಎಂದು ಆವತ್ತು ಊರಿಗೆಲ್ಲ ಗೊತ್ತಾದೀತು ಎಂದು ಅವಳು ಕಾಯುತ್ತಿದ್ದಳು.

ಫೈನಲ್ ಭಾನುವಾರ ಮಧ್ಯಾಹ್ನ, ಗ್ರೆನಡಾದ ಮೇಲೆ. ಕ್ರೀಡಾಂಗಣದ ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳ ಮೇಲೂ ಜನ. ಇನೆಜ್ ಮೂರನೇ ಸಾಲಿನಲ್ಲಿ ಹಳದಿ ಬಟ್ಟೆ ತಲೆಗೆ ಕಟ್ಟಿಕೊಂಡು ಕೂತಿದ್ದಳು. ವೆರ್ಲಾ ಮತ್ತೆ ಬೆಂಚಿನ ಮೇಲೆ. ಡೇನಾ ಆಡುತ್ತಿದ್ದ ರೀತಿ ನೋಡಿ ಅವಳ ಕೈ ತಾನಾಗಿ ಚಪ್ಪಾಳೆಗೆ ಏಳುತ್ತಿತ್ತು. ಅವಳು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡಳು.

ಆಟ ಮುಗಿಯಲು ಚೂರು ಹೊತ್ತು ಇರುವಾಗ ನಮ್ಮವಳೊಬ್ಬಳು ಐದನೇ ಫೌಲ್ ಮಾಡಿ ಹೊರಬಿದ್ದಳು. ಬಾಲಂಟೈನ್ ವೆರ್ಲಾಳ ಕಡೆ ತಿರುಗಿದರು. "ಹೋಗಮ್ಮಾ. ಮೂಲೆಯಲ್ಲಿ ನಿಂತ್ಕೊ. ಚೆಂಡು ಡೇನಾ ಹತ್ರಾನೇ ಇರ್ಲಿ."

ಮೂಲೆಯಲ್ಲಿ. ಕ್ಯಾಪ್ಟನ್ ಮೂಲೆಗೆ ಹೋಗಿ ನಿಂತಳು. ಗ್ರೆನಡಾ ಒಂದು ಅಂಕ ಮುಂದಿತ್ತು, ಚೆಂಡು ನಮ್ಮ ಕಡೆ ಇತ್ತು, ಇನ್ನೊಂದೇ ಎಸೆತಕ್ಕೆ ಹೊತ್ತಿತ್ತು. ಡೇನಾ ದೂರದಲ್ಲಿ ಚೆಂಡು ಕುಟ್ಟುತ್ತ ನಿಂತಿದ್ದಳು, ಇಬ್ಬರು ಅವಳನ್ನು ಕಾಯುತ್ತಿದ್ದರು. ಅಷ್ಟರಲ್ಲಿ ವೆರ್ಲಾಳನ್ನು ಕಾಯುತ್ತಿದ್ದವಳ ಕಾಲು ಜಾರಿತು. ದಾರಿ ತೆರೆಯಿತು. ಈ ಎಸೆತ ನನ್ನದು, ಹತ್ತು ಹೆಜ್ಜೆ ಓಡಿ ಹೋಗಿ ಚೆಂಡು ಈಸಿಕೊಂಡರೆ ಸಾಕು, ಅಷ್ಟು ಹೊತ್ತು ಈ ಹುಡುಗಿ ತಡೆದುಕೊಂಡಿರಬೇಕು. ವೆರ್ಲಾ ಕೈ ಎತ್ತಿ ಓಡುತ್ತ ಗಂಟಲು ಹರಿಯುವಂತೆ ಕೂಗಿದಳು:

"ಈಗ್ಲೇ! ಡೇನಾ, ಈಗ್ಲೇ!"

ಕೂಗಿದ ಮೇಲೆ ಅವಳಿಗೆ ತಾನು ಏನೆಂದೆ ಎನ್ನುವುದು ಹೊಳೆಯಿತು. ಡೇನಾ ಆಗಲೇ ನೆಗೆದಿದ್ದಳು. ಚೆಂಡು ಇಬ್ಬರ ಕೈಗಳ ಮೇಲಿಂದ ಹಾರಿ, ಹಲಗೆಗೆ ಬಡಿದು, ರಿಂಗಿನ ಅಂಚಿನಲ್ಲಿ ಒಂದು ಸುತ್ತು ತಿರುಗಿ ಒಳಗೆ ಬಿತ್ತು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ರೇಡಿಯೋದ ಫಿಟ್ಜ್‌ರಾಯ್ ಮೈಕು ಹಿಡಿದು ಜನರ ನಡುವೆ ನುಗ್ಗಿ ಬಂದ. ಅವನ ಮಾತು ಒಳಗಿನ ಲೌಡ್‌ಸ್ಪೀಕರಿನಲ್ಲೂ ಕೇಳುತ್ತಿತ್ತು.

"ಅಷ್ಟು ದೂರದಿಂದ ಎಸೆಯೋಕೆ ಧೈರ್ಯ ಹೇಗೆ ಬಂತು ತಾಯಿ?"

"ಧೈರ್ಯ ನಂದಲ್ಲ" ಎಂದಳು ಡೇನಾ, ಏದುಸಿರು ಬಿಡುತ್ತ. "ವೆರ್ಲಕ್ಕ ಧೈರ್ಯ ಕೊಟ್ರು. ಅವ್ರೇ ಹೇಳಿದ್ದು."

"ಕ್ಯಾಪ್ಟನ್ ಏನು ಹೇಳಿದ್ರು?"

"ಈಗ್ಲೇ ಅಂದ್ರು. ಎಸೆದುಬಿಟ್ಟೆ."

ಫಿಟ್ಜ್‌ರಾಯ್ ಮೈಕು ಹಿಡಿದುಕೊಂಡೇ ವೆರ್ಲಾಳ ಮುಖ ನೋಡಿದ. ಆಮೇಲೆ ಮೇಲಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದವನು ನಕ್ಕ, ಅವನ ಪಕ್ಕದವಳು ನಕ್ಕಳು. ನೋಡನೋಡುತ್ತ ಇಡೀ ಕಟ್ಟಡವೇ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಗ್ರೆನಡಾದ ಹುಡುಗಿಯರೂ ನಕ್ಕರು, ಅವರಲ್ಲೂ ಆ ಮಾತಿಗೆ ಅದೇ ಅರ್ಥ. "ಚೆಂಡು ಬೇಕಾಗಿತ್ತಾ ವೆರ್ಲಾ?" ಎಂದು ಯಾವನೋ ಕಿಟಕಿಯಿಂದ ಕೂಗಿದ. "ಈಗ್ಲೇ ಕೊಡ್ತಾಳೆ, ಕಾದಿರು!" ಎಂದ ಇನ್ನೊಬ್ಬ. ಬಾಲಂಟೈನ್ ತಲೆ ತಗ್ಗಿಸಿ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಮೂರನೇ ಸಾಲಿನಲ್ಲಿ ಇನೆಜ್ ನಗಲಿಲ್ಲ. ಮಗಳನ್ನೇ ನೋಡುತ್ತಿದ್ದಳು. ವೆರ್ಲಾಳಿಗೆ ಜನರ ನಗುವಿಗಿಂತ ಆ ನೋಟವೇ ಹೆಚ್ಚು ಚುಚ್ಚಿತು.

ಕಪ್, ಫೋಟೋ ಎಲ್ಲ ಮುಗಿದ ಮೇಲೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಇಬ್ಬರೇ ಉಳಿದರು. ಪಂದ್ಯದ ಚೆಂಡನ್ನು ಡೇನಾಳಿಗೆ ಕೊಟ್ಟಿದ್ದರು. ಎಲ್ಲರೂ ಅದರ ಮೇಲೆ ಹೆಸರು ಬರೆದಿದ್ದರು.

"ಅಕ್ಕ, ಅವರೆಲ್ಲ ಯಾಕೆ ನಕ್ಕಿದ್ದು? ನಾನೇನಾದ್ರೂ ತಪ್ಪು ಮಾತಾಡಿದ್ನಾ?"

ವೆರ್ಲಾ ಶೂ ದಾರ ಬಿಚ್ಚುತ್ತಿದ್ದಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ, ನಾಳೆ ಮೀನು ಮಾರುವವಳೇ ಇವಳಿಗೆ ಹೇಳಿಯಾಳು.

"ಈಗ್ಲೇ ಅಂದ್ರೆ ನಮ್ಮಲ್ಲಿ ತಡಿ ಅಂತ. ನಾನು ಎಸಿ ಅನ್ಲಿಲ್ಲ. ತಡಿ, ಚೆಂಡು ನಂಗೆ ಕೊಡು ಅಂದೆ."

ಡೇನಾ ಚೆಂಡನ್ನು ಕೈಯಲ್ಲಿ ಒಮ್ಮೆ ತಿರುಗಿಸಿದಳು. "ಅದಕ್ಕೇ ಆ ವ್ಯಾನಿನವರು..." ಎಂದು ಶುರುಮಾಡಿ ಅಷ್ಟಕ್ಕೇ ಬಿಟ್ಟಳು. ಅವತ್ತು ಮರದ ಕೆಳಗೆ ಯಾರು ಕೂತಿದ್ದರು ಎನ್ನುವುದು ಅವಳಿಗೂ ನೆನಪಿಗೆ ಬಂದಿರಬೇಕು. ವೆರ್ಲಾ ಬೈಗುಳಕ್ಕೆ ಕಾದಳು. ಬೈದರೆ ತಾನೂ ತಿರುಗಿ ನಾಲ್ಕು ಮಾತು ಅನ್ನಬಹುದಿತ್ತು.

"ನಾನು ತಡೆದು ನಿಮಗೆ ಕೊಟ್ಟಿದ್ರೆ" ಎಂದಳು ಡೇನಾ, "ನೀವು ಹಾಕ್ತಿದ್ರಾ ಅಕ್ಕ?"

ಎಡಗಡೆಯಿಂದ, ಓಡುತ್ತ, ಮೊಣಕಾಲಿನ ಈ ನೋವಿನಲ್ಲಿ. ಈ ವರ್ಷ ಅಂಥ ಎಸೆತ ಒಂದೂ ಒಳಗೆ ಬಿದ್ದಿರಲಿಲ್ಲ.

"ಹಾಕ್ತಿದ್ದೆ" ಎಂದಳು ವೆರ್ಲಾ.

ಡೇನಾ ತಲೆಯಾಡಿಸಿದಳು. ನಂಬಿಬಿಟ್ಟಳು. "ಹಾಗಾದ್ರೆ ಇದು ನಿಮ್ಮದೇ" ಎಂದು ಚೆಂಡನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದಳು.

ಬೇಡ ಅನ್ನಬೇಕಿತ್ತು. ವೆರ್ಲಾ ತೆಗೆದುಕೊಂಡಳು.

ಲೇಯುವಿಗೆ ಹೋಗುವ ವ್ಯಾನು ತುಂಬಿತ್ತು. ತಾಯಿ ಮಗಳು ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಇನೆಜ್ ಚೆಂಡನ್ನು ನೋಡಿದಳು, ಯಾರು ಕೊಟ್ಟರೆಂದು ಕೇಳಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡಳು. ಸಮುದ್ರದ ಮೇಲೆ ಇನ್ನೂ ಬೆಳಕಿತ್ತು. ವ್ಯಾನು ಒಂದೊಂದು ತಿರುವಿನಲ್ಲಿ ವಾಲಿದಾಗಲೂ ವೆರ್ಲಾ ಚೆಂಡನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದಳು. ಡೇನಾಳ ಹೆಸರು ಬರೆದಿದ್ದ ಜಾಗ ಅವಳ ಅಂಗೈಯಡಿಯಲ್ಲಿತ್ತು. ಬೆವರಿಗೆ ಶಾಯಿ ಕರಗಿ ಕೈಗೆ ಹತ್ತುತ್ತಿತ್ತು.